ಮುಂಗಡ ಹಣ ಅಳೆಯುವುದು ಆಸಕ್ತಿಯನ್ನಲ್ಲ

'ಸೀಟು ಕಾದಿರಿಸಲು ಮುಂಗಡ ಕಟ್ಟಿಸಿಕೊಂಡರೇನೇ ನಿಜವಾದ ಆಸಕ್ತಿ ಇರುವವರು ಯಾರೆಂದು ಫಾರ್ಮಸಿ ಕಾಲೇಜುಗಳಿಗೆ ತಿಳಿಯುತ್ತದೆ' ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಅದರಿಂದ ತಿಳಿಯುವುದು ಯಾರ ಮನೆಯಲ್ಲಿ ದುಡ್ಡಿದೆ ಎಂಬುದಷ್ಟೇ.

ನನ್ನ ಮಗಳು ಅಮೆರಿಕದಲ್ಲಿ ಫಾರ್ಮ್.ಡಿ. ಎಂಬ ಫಾರ್ಮಸಿ ಪದವಿಗೆ ಅರ್ಜಿ ಹಾಕಿದಾಗ ಮೊದಲು ಸೀಟು ಕೊಟ್ಟದ್ದು ಅವಳ ಮೂರನೇ ಆಯ್ಕೆಯ ಕಾಲೇಜು. ಎರಡು ವಾರದೊಳಗೆ ಹಣ ಕಟ್ಟಬೇಕು, ವಾಪಸ್ ಇಲ್ಲ. ಮೊದಲ ಆಯ್ಕೆಯ ಕಾಲೇಜಿನ ಸಂದರ್ಶನ ಇನ್ನೂ ಆಗಿರಲಿಲ್ಲ. ಕೊನೇ ದಿನ ರಾತ್ರಿ ಹನ್ನೊಂದಕ್ಕೆ, ಕಾರ್ಡ್ ಕೈಯಲ್ಲಿ ಹಿಡಿದು 'ಅಪ್ಪಾ, ಕಟ್ಲಾ ಬೇಡ್ವಾ?' ಅಂತ ಕೇಳಿದಳು. ಕಟ್ಟಿದೆವು. ಆಮೇಲೆ ಆ ಸೀಟು ಬಿಟ್ಟೆವು, ಹಣವೂ ಹೋಯಿತು. ಕಟ್ಟಲಾಗದ ಮನೆಯ ಮಗು ಏನು ಮಾಡಬೇಕು?

ಅಲ್ಲಿನ ಫಾರ್ಮಸಿ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಫಾರ್ಮ್‌ಕ್ಯಾಸ್‌ನಲ್ಲಿ ಒಂದೇ ಅರ್ಜಿ ಹಲವು ಕಾಲೇಜುಗಳಿಗೆ ಹೋಗುತ್ತದೆ. ಅರ್ಜಿ ಒಟ್ಟಿಗೆ ತೆಗೆದುಕೊಳ್ಳುವವರು ಉತ್ತರಕ್ಕೂ ಒಂದೇ ಗಡುವು ಯಾಕೆ ಇಟ್ಟುಕೊಳ್ಳಬಾರದು? ಅಲ್ಲಿಯವರೆಗೆ ಹಣ ಕೇಳಬಾರದು. ಆ ದಿನ ದಾಟಿದ ಮೇಲೆ ಒಬ್ಬರ ಕೈಯಲ್ಲಿ ಒಂದೇ ಸೀಟು. ಈ ಎರಡನೆಯದು ವಿದ್ಯಾರ್ಥಿಗಳ ಹೊಣೆ, ಅದನ್ನೂ ಗಟ್ಟಿಯಾಗಿಯೇ ಹೇಳುತ್ತೇನೆ: ಮೂರು ಸೀಟು ಹಿಡಿದು ಕೂತರೆ ಕಾಯುವ ಪಟ್ಟಿಯಲ್ಲಿರುವ ಇಬ್ಬರಿಗೆ ಅನ್ಯಾಯ.

ಇದು ಆಗದ ಕೆಲಸವೇನಲ್ಲ. ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲೇ, ವಿದ್ಯಾರ್ಥಿಗಳ ಮತ್ತು ಕಾಲೇಜುಗಳ ಆದ್ಯತೆ ನೋಡಿ ಸೀಟು ಹೊಂದಿಸುವ ಲೆಕ್ಕ ತೋರಿಸಿದ್ದಾರೆ. ಇದೇ ಫಾರ್ಮಸಿ ಪದವೀಧರರು ಮುಂದೆ ರೆಸಿಡೆನ್ಸಿ ಎಂಬ ತರಬೇತಿಗೆ ಹೋಗುವಾಗ ಅವರೂ ತರಬೇತಿ ಕೊಡುವವರೂ ಆದ್ಯತೆಯ ಪಟ್ಟಿ ಕೊಡುತ್ತಾರೆ, ಫಲಿತಾಂಶ ಎಲ್ಲರಿಗೂ ಒಂದೇ ದಿನ ಬರುತ್ತದೆ.