ಮುಖ ನೋಡದೆ ಹಾಕಿದ ಮಣೆ

ಕೊರೋನಾದ ದಿನಗಳಲ್ಲಿ ಮೂಗಿನಿಂದ ಗದ್ದದವರೆಗೆ ಮಾಸ್ಕು ಬಿಗಿದುಕೊಂಡು, ಹಳೆಯ ಬಾಕಿಯಿದ್ದ ತರಕಾರಿ ಅಂಗಡಿಯನ್ನು ಧೈರ್ಯವಾಗಿ ದಾಟುತ್ತಿದ್ದಾಗ, ‘ಏನ್ ಸಾರ್, ಇವತ್ತು ಸೊಪ್ಪು ಬೇಡ್ವಾ?’ ಎಂಬ ಕೂಗು ಬೆನ್ನಿಗೆ ಬಂದು ತಾಗಿತು. ನನ್ನ ನಡಿಗೆಯೇ ಚಾಡಿ ಹೇಳಿಬಿಟ್ಟಿತ್ತು. ಹದಿನೆಂಟನೆಯ ಶತಮಾನದ ಇಟಲಿಯ ವೆನಿಸ್ ನಗರದಲ್ಲಾಗಿದ್ದರೆ ಆ ಅಂಗಡಿಯಾತ ನನ್ನನ್ನು ಗುರುತಿಸಿದರೂ ಗುರುತಿಸದವನಂತೆ ಇರುತ್ತಿದ್ದನೇನೋ ಎಂದು ಆಮೇಲೆ ಅನ್ನಿಸಿತು.

ಆ ಊರಿನಲ್ಲಿ ಮುಖವಾಡವೆಂಬುದು ನಾಲ್ಕು ದಿನದ ಹಬ್ಬದ ಸೋಗಾಗಿರಲಿಲ್ಲ. ಅಕ್ಟೋಬರ್ ಮೊದಲಿನಿಂದ ಕ್ರಿಸ್ಮಸ್ಸಿನ ಸುಮಾರಿನವರೆಗೆ, ಮತ್ತೆ ಡಿಸೆಂಬರ್ 26ರಿಂದ ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಮುನ್ನಾದಿನದವರೆಗೆ, ಅದೂ ಸಾಲದೆಂಬಂತೆ ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಇನ್ನೆರಡು ವಾರ, ಹೀಗೆ ಸರಿಸುಮಾರು ಅರ್ಧ ವರ್ಷ ಜನ ಅದನ್ನು ತೊಟ್ಟೇ ತಿರುಗುತ್ತಿದ್ದರು. ಮುಖವಾಡ ಮಾಡುವವರಿಗೆ 1436ರಷ್ಟು ಹಿಂದೆಯೇ ತಮ್ಮದೇ ಕಟ್ಟುಪಾಡುಗಳಿದ್ದವು. ಹೆಚ್ಚು ರೂಢಿಯಲ್ಲಿದ್ದ ವೇಷದ ಹೆಸರು ಬೌತಾ: ತಲೆ ಮತ್ತು ಭುಜಗಳನ್ನು ಮುಚ್ಚುವ ಕಪ್ಪು ಮುಸುಕು, ಮೇಲೊಂದು ನಿಲುವಂಗಿ, ಮುಮ್ಮೂಲೆಯ ಟೊಪ್ಪಿಗೆ, ಮುಖಕ್ಕೆ ಬಿಳಿಯ ಮುಖವಾಡ. ಅದರ ಕೆಳಭಾಗ ಕೊಕ್ಕಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತಿದ್ದುದರಿಂದ ಅದನ್ನು ಕಳಚದೆಯೇ ಉಣ್ಣಬಹುದಿತ್ತು, ಕುಡಿಯಬಹುದಿತ್ತು; ದನಿಯೂ ಬೇರೆಯಾಗಿ ಕೇಳುತ್ತಿತ್ತು. ಎದುರಾದವರು ಗಂಡಸಾಗಲಿ ಹೆಂಗಸಾಗಲಿ, ಸಂಬೋಧನೆ ಒಂದೇ: ‘ಸಿಯೋರಾ ಮಾಸ್ಕೆರಾ’, ಅಂದರೆ ಮುಖವಾಡದಮ್ಮನವರೇ! ಮುಖ ನೋಡಿ ಮಣೆ ಹಾಕುವುದರಲ್ಲಿ ಪಳಗಿದ ನಮಗೆ ಇದು ವಿಚಿತ್ರವೆನಿಸೀತು. ಆದರೆ ಕುಲೀನ ಮನೆತನದವರ ಹೆಸರುಗಳೆಲ್ಲ ಪುಸ್ತಕದಲ್ಲಿ ದಾಖಲಾಗಿದ್ದು, ಯಾರಿಗೆ ಯಾರು ಎಷ್ಟು ಬಾಗಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿದ್ದ ಊರಿನಲ್ಲಿ, ಬಾಗುವ ಕಷ್ಟದಿಂದ ಎಲ್ಲರಿಗೂ ಒಂದಿಷ್ಟು ಬಿಡುವು ಕೊಟ್ಟದ್ದು ಈ ಬಿಳಿಯ ಕೊಕ್ಕೇ.

ಸರ್ಕಾರವೇ 1638ರಲ್ಲಿ ಪರವಾನಗಿ ಕೊಟ್ಟ ರಿದೊತ್ತೊ ಎಂಬ ಜೂಜುಕಟ್ಟೆಯಲ್ಲಿ ಆಡಲು ಬಂದವರಿಗೆ ಮುಖವಾಡ ಕಡ್ಡಾಯ. ಇಸ್ಪೀಟೆಲೆ ಹಂಚುವ ಕುಲೀನ ಮಾತ್ರ ಬರಿಮುಖದಲ್ಲಿ ಕೂರಬೇಕು. ಹಣ ಕಳೆದುಕೊಂಡವನ ಮುಖ ಕಾಣದಂತೆ, ಬಾಚಿಕೊಂಡವನ ಮುಖ ಎಲ್ಲರಿಗೂ ಕಾಣುವಂತೆ ನಿಯಮ ಮಾಡಿದವನು ಯಾರೋ, ಜಾಣನಂತೂ ಹೌದು. 1774ರಲ್ಲಿ ಅದು ಮುಚ್ಚಿತು.

ಹೆಂಗಸರ ಮೊರೆತ್ತಾದ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಕಪ್ಪು ಮಖಮಲ್ಲಿನ ಆ ದುಂಡನೆಯ ಮುಖವಾಡಕ್ಕೆ ಬಾಯಿಯೂ ಇಲ್ಲ, ದಾರವೂ ಇಲ್ಲ. ಒಳಗಿನ ಗುಂಡಿಯೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು, ಮಾತಾಡಿದರೆ ಬಿತ್ತು. ಭಾರತದಿಂದ ಯುರೋಪಿಗೆ ಹೋಗಿದ್ದ ಕ್ಲಾರಾ ಎಂಬ ಘೇಂಡಾಮೃಗವನ್ನು 1751ರಲ್ಲಿ ವೆನಿಸ್ಸಿನ ಕಾರ್ನಿವಲ್ ಎಂಬ ಈ ಮುಖವಾಡದ ಹಬ್ಬದಲ್ಲಿ ತೋರಿಸಿದಾಗ ಚಿತ್ರಕಾರ ಪಿಯೆತ್ರೊ ಲೊಂಗಿ ಬರೆದ ಚಿತ್ರದಲ್ಲಿ ಅಂಥ ಒಬ್ಬಾಕೆ ಇದ್ದಾಳೆ. ಬೌತಾದ ಬಿಳಿಮುಖವೂ ಪಕ್ಕದಲ್ಲೇ ಇದೆ. ಕೊಂಬು ಕಳೆದುಕೊಂಡ ಪ್ರಾಣಿ ಕೆಳಗೆ ಹುಲ್ಲು ಮೇಯುತ್ತಿದೆ. ಅದರ ಕೊಂಬು ಕಾವಲಿನವನ ಕೈಯಲ್ಲಿದೆ. ಹಲ್ಲು ಕಚ್ಚಿಕೊಂಡಿರುವ ಆಕೆಗೆ ಪಕ್ಕದವರೊಡನೆ ‘ಅಯ್ಯೋ, ಕೊಂಬೆಲ್ಲಿ?’ ಎಂದು ಕೇಳುವುದಕ್ಕೂ ಆಗದು.