ಟ್ರಕ್ಕಿಗೊಂದು ರೇನ್‌ಕೋಟು

ಮಗನ ರಿಮೋಟ್ ಟ್ರಕ್ಕು ಮೊದಲ ಮಳೆಗೇ ಕೈಕೊಟ್ಟಿತು. ಅದು ದಾಟಿದ್ದು ಎರಡು ಗೇಣು ಅಗಲದ ಕೆಸರುಗುಂಡಿ, ಅಷ್ಟೇ. ಆಮೇಲೆ ರಿಮೋಟಿನಲ್ಲಿ ಏನು ಒತ್ತಿದರೂ ಕೇಳದೆ ಇದ್ದಲ್ಲೇ ಗಿರಗಿರ ತಿರುಗಿ, ಬಾನೆಟ್ಟಿನ ಸಂದಿಯಿಂದ ಒಂದೆಳೆ ಹೊಗೆ ಬಿಟ್ಟು ಸುಮ್ಮನಾಯಿತು. ಮಗ ಅಳಲಿಲ್ಲ. ನನ್ನ ಮುಖ ನೋಡಿದ. ಅತ್ತಿದ್ದರೇ ಚೆನ್ನಾಗಿತ್ತು.

“ಅಪ್ಪ, ಇದಕ್ಕೆ ನೀರು ತಾಗದ ಹಾಗೆ ಮಾಡೋಕಾಗಲ್ವಾ?”

“ಯಾಕಾಗಲ್ಲ? ಒಂದು ಸಂಜೆ ಕೆಲಸ.”

ಒಳಗಿನಿಂದ ಹೆಂಡತಿ ಕೆಮ್ಮಿದಳು. ಕೈತೊಳೆಯುವ ಬೇಸಿನ್ನಿನ ಅಂಚಿನಿಂದ ನೀರು ಸೋರುವುದನ್ನು ನಿಲ್ಲಿಸುವುದೂ ನನ್ನ ಲೆಕ್ಕದಲ್ಲಿ ಒಂದು ಸಂಜೆ ಕೆಲಸವೇ. ಆ ಸಂಜೆಗಾಗಿ ಮನೆಯವರೆಲ್ಲ ಏಳು ತಿಂಗಳಿಂದ ಕಾಯುತ್ತಿದ್ದಾರೆ.

ಟ್ರಕ್ಕಿನ ಹೊಟ್ಟೆ ಬಿಚ್ಚಿದರೆ ಒಳಗೆ ಒಂದು ಸಣ್ಣ ಅವಿಭಕ್ತ ಕುಟುಂಬ. ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರ್, ಮೋಟಾರಿಗೆ ಕರೆಂಟು ಅಳೆದು ಬಡಿಸುವ ಸ್ಪೀಡ್ ಕಂಟ್ರೋಲರ್, ಮುಂದಿನ ಚಕ್ರ ಹೊರಳಿಸುವ ಸರ್ವೋ. ದುಡಿಯುವ ಮೋಟಾರಿಗೆ ನೀರಿನ ಭಯ ಅಷ್ಟಿಲ್ಲ. ಇದರದ್ದು ಬ್ರಶ್‌ಲೆಸ್ ಮೋಟಾರು, ಅದರೊಳಗೆ ಒಂದಕ್ಕೊಂದು ಉಜ್ಜುವ ಕರೆಂಟಿನ ಸಂಪರ್ಕವೇ ಇರುವುದಿಲ್ಲ. ನೆಗಡಿಯಾಗುವುದೆಲ್ಲ ಕೂತು ಅಧಿಕಾರ ನಡೆಸುವ ಉಳಿದ ಮೂವರಿಗೆ. ಅಪ್ಪಟ ಶುದ್ಧ ನೀರು ಕರೆಂಟನ್ನು ಹೆಚ್ಚು ಹರಿಸುವುದಿಲ್ಲವಂತೆ, ನಿಜ. ಆದರೆ ಗುಂಡಿಯ ನೀರಿನಲ್ಲಿ ಊರಿನ ಉಪ್ಪೆಲ್ಲ ಕರಗಿರುತ್ತದೆ. ಅದು ಇವರೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತಾಗ ಬ್ಯಾಟರಿ ಹಾಕಿದರೆ ತಾಮ್ರವೇ ಕರಗಿ ಹಸಿರು ಕಿಲುಬು ಏಳುತ್ತದೆ.

ಹೊಸ ಬಿಡಿಭಾಗಗಳು ಬಂದವು. ಬೇಸಿನ್ನಿಗೆಂದು ತಂದಿಟ್ಟಿದ್ದ ಸಿಲಿಕೋನ್ ಟ್ಯೂಬು ಕಪಾಟಿನಲ್ಲಿ ಕಣ್ಣಿಗೆ ಬಿತ್ತು. ನೀರು ತಡೆಯುವುದೇ ಅದರ ಕಸುಬಲ್ಲವೇ? ಸ್ಪೀಡ್ ಕಂಟ್ರೋಲರಿನ ಬೋರ್ಡಿಗೆ ಧಾರಾಳವಾಗಿ ಮೆತ್ತಿದೆ. ಮನೆಯೆಲ್ಲ ವಿನೆಗರ್ ವಾಸನೆ. ಆ ವಾಸನೆಗೆ ಒಂದು ಅರ್ಥವಿದೆ ಎಂದು ಆಗ ಹೊಳೆಯಲಿಲ್ಲ. ಆ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರಿನ ಹುಳಿಯೂ ಅದೇ. ನೀರು ನಿಧಾನವಾಗಿ ಮಾಡುವ ಕೆಲಸವನ್ನು ನಾನು ಆಮ್ಲ ಹಚ್ಚಿ ಬೇಗ ಮುಗಿಸಿಕೊಟ್ಟಿದ್ದೆ. ಕೆಲವು ದಿನ ಬಿಟ್ಟು ಕೆರೆದು ನೋಡಿದರೆ ಬೆಸುಗೆಯ ಸುತ್ತ ಹಸಿರೋ ಹಸಿರು. ಬೋರ್ಡಿಗೆ ಬೇಕಿದ್ದರೆ ವಿನೆಗರ್ ವಾಸನೆ ಹೊಡೆಯದ ನ್ಯೂಟ್ರಲ್ ಸಿಲಿಕೋನ್ ಹಚ್ಚಬೇಕಂತೆ. ಟ್ಯೂಬಿನ ಮೇಲೇ ಬರೆದಿತ್ತು, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ.

ರಿಸೀವರನ್ನು ಬಲೂನಿಗೆ ತುರುಕಿ ಕುತ್ತಿಗೆ ಬಿಗಿದದ್ದು ಎರಡನೇ ಸಾಹಸ. ವೈರುಗಳ ಸಂದಿ ಹಿಡಿದು ನೀರು ಹೇಗೋ ಒಳಗೆ ಹೋಯಿತು. ಹೊರಗೆ ಬರಲು ಮಾತ್ರ ಬಲೂನು ಬಿಡಲಿಲ್ಲ. ಜಲನಿರೋಧಕ ಅಂದರೆ ಎರಡೂ ಕಡೆಯಿಂದ ಅಲ್ಲವೇ!

ಮೂರನೇ ಸಲ ಶಾಸ್ತ್ರೋಕ್ತವಾಗಿ ಕನ್ಫಾರ್ಮಲ್ ಕೋಟಿಂಗ್ ತರಿಸಿದೆ. ಬೋರ್ಡಿಗೇ ಹಚ್ಚುವ ತೆಳು ಲೇಪ ಅದು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡು ಒರೆಸಿ, ಒಣಗಿಸಿ, ಬ್ರಶ್ಶಿನಲ್ಲಿ ಎರಡು ಕೋಟು. ಪಿನ್ನುಗಳಿಗೆ, ಸ್ವಿಚ್ಚಿಗೆ ತಾಗಿಸಬಾರದೆಂದು ಓದಿದ್ದೆ. ಸರ್ವೋದೊಳಗೆ ಚಕ್ರ ಎಷ್ಟು ಹೊರಳಿತೆಂದು ಅಳೆಯುವ ಪುಟಾಣಿ ಪೊಟೆನ್ಶಿಯೋಮೀಟರ್ ಒಂದಿರುತ್ತದೆ, ಅದಕ್ಕಂತೂ ಸೋಕಿಸಲೇಬಾರದೆಂದೂ ಓದಿದ್ದೆ. ಆದರೆ ಓದಿದ್ದು ಹಚ್ಚಿದ ಮೇಲೆ. ಮುಂದಿನ ಚಕ್ರಗಳೆರಡೂ ಚಳಿಜ್ವರ ಬಂದಂತೆ ಗಡಗಡ ನಡುಗಿದವು. ಇನ್ನೊಂದು ಸರ್ವೋ ತರಿಸಿದೆ. ಅದರ ಬಾಯಿಗೆ ಓ-ರಿಂಗ್ ಎಂಬ ರಬ್ಬರ್ ಬಳೆ ಕೂರಿಸಿ ಗ್ರೀಸ್ ಹಚ್ಚಿ, ಒಳಗೆ ಇಣುಕಲೂ ಹೋಗಲಿಲ್ಲ.

ಈ ಲೇಪದಲ್ಲಿ ಒಂದು ಮಜಾ ಇದೆ. ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಹಚ್ಚಿದ ಜಾಗವೆಲ್ಲ ನೀಲಿಯಾಗಿ ಹೊಳೆಯುತ್ತದೆ. ಬಿಟ್ಟುಹೋದ ಜಾಗ ಕತ್ತಲು. ಪರೀಕ್ಷೆಗೆ ಪೂರ್ತಿ ಕತ್ತಲು ಬೇಕಲ್ಲ, ರಾತ್ರಿ ಬಚ್ಚಲುಮನೆಗೆ ಹೋಗಿ ದೀಪ ಆರಿಸಿದೆ. ಬೋರ್ಡು ಹೊಳೆಯಿತು. ಅದಕ್ಕಿಂತ ಹೆಚ್ಚು ಹೊಳೆದದ್ದು ನನ್ನ ಬನಿಯನ್ನು. ಬಿಳಿ ಬಟ್ಟೆ ಇನ್ನೂ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ಪದಾರ್ಥವೂ ಆ ಬೆಳಕಿಗೆ ಮಿಂಚುತ್ತದೆ. ಟವೆಲ್ಲೂ ಹೊಳೆಯಿತು, ಬೆರಳುಗಳೂ ಹೊಳೆದವು. ಕನ್ನಡಿ ನೋಡಿಕೊಂಡರೆ ಮೂಗಿನ ತುದಿ. ಸಂಜೆಯೆಲ್ಲ ಕನ್ನಡಕ ಮೇಲೇರಿಸಿಕೊಂಡಿದ್ದು ಅದೇ ಬೆರಳಿನಿಂದ ತಾನೇ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕತ್ತಲಲ್ಲಿ ತೇಲುವ ಒಂದು ಬನಿಯನ್ನು, ಅದರ ಮೇಲೊಂದು ನೀಲಿ ಮೂಗು. ಹೆಂಡತಿ ಕಿರುಚಲಿಲ್ಲ. ಹದಿಮೂರು ವರ್ಷದ ಸಂಸಾರ ಸುಮ್ಮನೆ ಅಲ್ಲ.

“ಬೇಸಿನ್ ಸರಿಮಾಡ್ತಿದ್ದೀರಾ?” ಎಂದಳು.

“ಇಲ್ಲ.”

“ಅದೇ ಅಂದ್ಕೊಂಡೆ” ಎಂದು ಬಾಗಿಲು ಮುಚ್ಚಿಕೊಂಡು ಹೋದಳು.

ಮುಂದಿನ ಭಾನುವಾರ ಮಳೆನೀರು ನಿಂತ ಮೈದಾನಕ್ಕೆ ಮೂವರೂ ಹೋದೆವು. ಟ್ರಕ್ಕು ನೀರಿಗಿಳಿಯಿತು. ಚಕ್ರ ಮುಳುಗಿತು, ಓಡಿತು. ಬಂಪರ್ ಮುಳುಗಿತು, ಆಗಲೂ ಓಡಿತು. ಮಗ ಕುಣಿದ. ಹೊಂಡದ ನಟ್ಟನಡುವೆ ಬಾಡಿ ಮುಳುಗಿತು, ನಿಂತಿತು. ಕೆಟ್ಟಿರಲಿಲ್ಲ. ನೀರಿನಡಿಯಿಂದ ಹೆಡ್‌ಲೈಟು ಮೀನಿನ ಕಣ್ಣಿನಂತೆ ಪಿಳಿಪಿಳಿ ನೋಡುತ್ತಿತ್ತು. ಆಮೇಲೆ ಹೊಳೆಯಿತು. ಈ ರಿಮೋಟುಗಳು ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಯನ್ನು ನೀರು ಗಟಗಟ ಕುಡಿದುಬಿಡುತ್ತದೆ. ಅದಕ್ಕೇ ಆಂಟೆನಾದ ತುದಿಯ 31 ಮಿಲಿಮೀಟರ್, ಅಂದರೆ ಅಲೆಯ ಉದ್ದದ ಕಾಲುಭಾಗ, ಕೊಳವೆಯೊಳಗೆ ನೆಟ್ಟಗೆ ಮೇಲೆ ನಿಂತಿರಬೇಕು. ನಾನೋ, ಆಂಟೆನಾದ ತೂತಿನಿಂದ ನೀರು ಇಳಿದೀತೆಂದು ಅದನ್ನು ಸುರುಳಿ ಸುತ್ತಿ ಒಳಗೇ ಇಟ್ಟು, ತೂತಿಗೆ ಬೆಣೆ ಹೊಡೆದಿದ್ದೆ. ಮಾತು ಕೇಳಿಸದೆ ಹೋದರೆ ಮೋಟಾರು ನಿಲ್ಲಿಸಬೇಕೆಂಬ ಬುದ್ಧಿಯನ್ನು ರಿಸೀವರಿಗೆ ಮೊದಲೇ ಕಲಿಸಿರುತ್ತಾರೆ. ಪಾಪ, ಅದು ವಿಧೇಯವಾಗಿ ನಿಂತಿತ್ತು.

ಪ್ಯಾಂಟು ಮಡಿಸಿಕೊಂಡು ಇಳಿದೆ. ಮೂರನೇ ಹೆಜ್ಜೆಗೆ ಮಡಿಕೆ ಮುಳುಗಿತು, ಐದನೆಯದಕ್ಕೆ ಒಂದು ಚಪ್ಪಲಿ ಕೆಸರಿನ ಪಾಲಾಯಿತು. ದಡದಲ್ಲಿ ಹೆಂಡತಿ ಮಗನಿಗೆ ಏನೋ ಹೇಳಿದಳು, ಇಬ್ಬರೂ ಬೆನ್ನು ತಿರುಗಿಸಿ ನಿಂತರು. ಭುಜ ಮಾತ್ರ ಕುಲುಕುತ್ತಿತ್ತು.

ಮನೆಗೆ ಬಂದು ಬಿಚ್ಚಿದರೆ ಬೋರ್ಡುಗಳ ಮೇಲೆ ಒಂದು ಹನಿ ನೀರಿಲ್ಲ. ಬೀಗುತ್ತಾ ಟ್ರಕ್ಕನ್ನು ಹಾಗೇ ಶೋಕೇಸಿನ ಮೇಲಿಟ್ಟೆ. ಚಕ್ರದ ಬೇರಿಂಗುಗಳೂ ಉಕ್ಕಿನವೇ, ಅವನ್ನೂ ಒಣಗಿಸಿ ಎಣ್ಣೆ ಹಾಕಬೇಕು ಎಂಬುದು ನೆನಪಾಗಲೇ ಇಲ್ಲ. ನಾಲ್ಕು ದಿನ ಬಿಟ್ಟು ಮಗ ಹಾಲ್‌ನಲ್ಲಿ ಓಡಿಸಿದ. ಕೀಂ... ಕಿರ್... ಕೀಂ... ತುಕ್ಕು ಹಿಡಿದ ನಾಲ್ಕೂ ಚಕ್ರಗಳು ಒಂದೊಂದು ಶ್ರುತಿಯಲ್ಲಿ ಅಳತೊಡಗಿದವು.

ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು: “ರೀ, ಆ ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡಿ ಅಂತ ಎಷ್ಟು ಸಲ ಹೇಳಲಿ?”

ಮಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

“ಇವತ್ತು ಸಂಜೆ ಬಿಡ್ತೀನಿ ಕಣೇ” ಎಂದೆ.