ಸಾಂಬಾರಿಗೆ ಹಸಿರು ಬಣ್ಣ ಕೊಟ್ಟ ಟೂಲ್

ಹಲ್ಲಿನ ಡಾಕ್ಟರೊಬ್ಬರ ಫೇಸ್‌ಬುಕ್ ಪುಟದಲ್ಲಿ ನಾನು ಒಮ್ಮೆ ಮಿರ್ಚಿ ಮಂಡಕ್ಕಿ ಮಾರಿದ್ದೇನೆ. "ಸಂಜೆ ಐದಾಯಿತು, ಎಣ್ಣೆ ಕಾದಿದೆ, ಬೇಗ ಬನ್ನಿ" ಎಂಬ ಒಕ್ಕಣೆ, ಕೆಳಗೆ ಬಾಣಲೆಯ ಚಿತ್ರ. ಹೋಗಬೇಕಾದದ್ದು ಹೋಟೆಲಿನ ಪುಟಕ್ಕೆ, ಹೋದದ್ದು ದಂತ ಚಿಕಿತ್ಸಾಲಯದ ಪುಟಕ್ಕೆ. ಹತ್ತು ನಿಮಿಷದಲ್ಲಿ ಡಾಕ್ಟರ ಫೋನು ಬಂತು. "ಅಲ್ಲ ಸ್ವಾಮಿ, ಹಲ್ಲು ಕೀಳಿಸಿಕೊಳ್ಳಲು ಬರುವವರಿಗೆ ಎಣ್ಣೆ ಕಾದಿದೆ ಎಂದು ಹೇಳಿದರೆ ಯಾರು ಬರುತ್ತಾರೆ?" ಎಂದರು. ಪುಣ್ಯಕ್ಕೆ ನಗುತ್ತಲೇ ಕೇಳಿದರು.

ದಾವಣಗೆರೆಯಲ್ಲಿ ಕುಳಿತು ಹನ್ನೊಂದು ಖಾತೆಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಎರಡು ಹೋಟೆಲು, ಒಂದು ಸೀರೆ ಅಂಗಡಿ, ಆ ಡಾಕ್ಟರು, ಒಂದು ನರ್ಸರಿ. ಪ್ರತಿಯೊಬ್ಬರಿಗೂ ಫೇಸ್‌ಬುಕ್ ಬೇಕು, ಇನ್‌ಸ್ಟಾಗ್ರಾಂ ಬೇಕು. ಸೀರೆ ಅಂಗಡಿಯವರಿಗೆ ಯೂಟ್ಯೂಬ್ ಕೂಡ ಬೇಕು. ಎಲ್ಲವನ್ನೂ ಒಂದೇ ಪರದೆಯ ಮೇಲೆ ಸಾಲಾಗಿ ನಿಲ್ಲಿಸಿ, ಯಾವುದು ಯಾವಾಗ ಹೋಗಬೇಕೆಂದು ಮೊದಲೇ ಸಮಯ ಗೊತ್ತುಮಾಡಿಡುವ ಟೂಲ್ ಇಲ್ಲದಿದ್ದರೆ ನನಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಈ ಬರಹವನ್ನು ಟೂಲ್‌ಗಳ ಮೇಲಿನ ದೂರು ಎಂದು ಓದಬೇಡಿ. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ವಾರಕ್ಕೊಬ್ಬರಾದರೂ "ಅಣ್ಣಾ, ಯಾವ ಟೂಲ್ ಒಳ್ಳೆಯದು?" ಎಂದು ಕೇಳುತ್ತಾರೆ. ಹೆಸರು ಹೇಳುವ ಮೊದಲು ಹೇಳಬೇಕಾದ ಮಾತುಗಳು ಬಹಳ ಇವೆ.

ಮಂಡಕ್ಕಿ ಪ್ರಸಂಗದಲ್ಲಿ ನಾನು ಒಂಟಿಯಲ್ಲ. 2011ರ ಫೆಬ್ರವರಿಯಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯಿಂದ ಬಿಯರ್ ಸಿಕ್ಕಿದ ಖುಷಿಯ ಟ್ವೀಟ್ ಒಂದು ಹೊರಬಿತ್ತು. ಉದ್ಯೋಗಿಯೊಬ್ಬರು ಹೂಟ್‌ಸೂಟ್ ಎಂಬ ಇಂಥದ್ದೇ ಟೂಲ್‌ನಲ್ಲಿ ತಮ್ಮ ಸ್ವಂತ ಖಾತೆ ಎಂದುಕೊಂಡು ಸಂಸ್ಥೆಯ ಖಾತೆಯಿಂದ ಬರೆದುಬಿಟ್ಟಿದ್ದರು. ಸಂಸ್ಥೆ ಅದನ್ನು ಅಳಿಸಿ, ತಾವು ಕುಡಿದಿಲ್ಲ, ಗಾಡಿಯ ಕೀ ಕಿತ್ತಿಟ್ಟುಕೊಂಡಿದ್ದೇವೆ ಎಂಬ ಧಾಟಿಯಲ್ಲಿ ತಮಾಷೆಯಾಗಿ ಉತ್ತರಿಸಿತು. ಆ ಬಿಯರ್‌ನ ಅಭಿಮಾನಿಗಳು ರೆಡ್ ಕ್ರಾಸ್‌ಗೆ ದೇಣಿಗೆ ಕೊಟ್ಟರು. ಮರುತಿಂಗಳೇ ಕ್ರೈಸ್ಲರ್ ಕಾರು ಕಂಪನಿಯ ಖಾತೆಯಿಂದ, ಡೆಟ್ರಾಯಿಟ್‌ನವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂಬ ಬೈಗುಳದ ಟ್ವೀಟ್ ಹೋಯಿತು. ಅದೂ ಖಾತೆ ಅದಲುಬದಲಾದ ತಪ್ಪೇ. ಅಲ್ಲಿ ಯಾರೂ ನಗಲಿಲ್ಲ. ಬರೆದವನ ಕೆಲಸ ಹೋಯಿತು, ಅವನ ಏಜೆನ್ಸಿಯ ಗುತ್ತಿಗೆಯೂ ಹೋಯಿತು. ಹನ್ನೊಂದು ಬಾಗಿಲುಗಳನ್ನು ಒಂದೇ ಬೀಗದ ಕೈಯಲ್ಲಿ ತೆರೆಯುವವನು ಒಂದಲ್ಲ ಒಂದು ದಿನ ತಪ್ಪು ಮನೆಗೆ ನುಗ್ಗುತ್ತಾನೆ. ನಾನು ಈಗ ನನ್ನ ಸ್ವಂತ ಖಾತೆಯನ್ನು ಆ ಪರದೆಗೆ ಸೇರಿಸುವುದೇ ಇಲ್ಲ. ನನ್ನ ಜಗಳಗಳೆಲ್ಲ ಮೊಬೈಲಿನಲ್ಲಿ, ಅಂಗಡಿಯವರ ಕೆಲಸವೆಲ್ಲ ಕಂಪ್ಯೂಟರಿನಲ್ಲಿ.

ಇನ್ನು ದುಡ್ಡಿನ ವಿಚಾರ. ಈ ಟೂಲ್‌ಗಳೆಲ್ಲ ಬಾಡಿಗೆ ಮನೆಯ ಸಂಸಾರಗಳು. ಮನೆ ಫೇಸ್‌ಬುಕ್‌ನದ್ದು, ಟ್ವಿಟರ್‌ನದ್ದು. ಅವರು ಎಪಿಐ ಎಂಬ ಹಿತ್ತಲ ಬಾಗಿಲನ್ನು ತೆರೆದಿಟ್ಟಷ್ಟು ದಿನ ಇವರ ವ್ಯಾಪಾರ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೋರಿಹೋದ ಕೇಂಬ್ರಿಜ್ ಅನಾಲಿಟಿಕಾ ಹಗರಣ ಬಯಲಾದ ಮೇಲೆ, 2018ರ ಆಗಸ್ಟ್‌ನಿಂದ, ಹೊರಗಿನ ಟೂಲ್‌ಗಳು ಯಾರದೇ ವೈಯಕ್ತಿಕ ಫೇಸ್‌ಬುಕ್ ಗೋಡೆಯ ಮೇಲೆ ಬರೆಯದಂತೆ ಬಾಗಿಲು ಮುಚ್ಚಿತು. 2024ರಲ್ಲಿ ಗುಂಪುಗಳ ಬಾಗಿಲೂ ಮುಚ್ಚಿತು. ನಮ್ಮ ನರ್ಸರಿಯವರ ವ್ಯಾಪಾರವೆಲ್ಲ ನಡೆಯುತ್ತಿದ್ದದ್ದು ತಾರಸಿ ತೋಟದವರ ಗುಂಪುಗಳಲ್ಲಿ. ಈಗ ಅಲ್ಲಿಗೆ ಕೈಯಾರೆ ಹಾಕಬೇಕು. "ಟೂಲ್‌ಗೆ ದುಡ್ಡು ಕಟ್ಟಿದ್ದೇವಲ್ಲ?" ಎಂದು ಅವರು ಕೇಳಿದರೆ ನಾನು ಏನು ಹೇಳಲಿ?

ಟ್ವೀಟ್‌ಡೆಕ್ ಎಂಬ ಟೂಲ್ ನೆನಪಿದೆಯೇ? 2008ರಲ್ಲಿ ಹುಟ್ಟಿದ್ದು, 2011ರಲ್ಲಿ ಟ್ವಿಟರ್ ತಾನೇ ಕೊಂಡುಕೊಂಡದ್ದು. ಸಾಲುಸಾಲು ಅಂಕಣಗಳಲ್ಲಿ ಒಂದರಲ್ಲಿ ಸುದ್ದಿ, ಇನ್ನೊಂದರಲ್ಲಿ ಪೊಲೀಸರು, ಮತ್ತೊಂದರಲ್ಲಿ ಮಳೆ. ಪುಕ್ಕಟೆ. ಟ್ವಿಟರ್ ಎಕ್ಸ್ ಆದ 2023ರಲ್ಲಿ ಇದರ ಹೆಸರೂ ಎಕ್ಸ್ ಪ್ರೊ ಆಯಿತು, ಹಣ ಕಟ್ಟಿದವರಿಗೆ ಮಾತ್ರ ಎಂದಾಯಿತು. ಹೂಟ್‌ಸೂಟ್‌ನ ಉಚಿತ ಯೋಜನೆಯೂ ಅದೇ ವರ್ಷ ಮಾರ್ಚ್ 31ಕ್ಕೆ ಕಣ್ಣು ಮುಚ್ಚಿತು. ಬಫರ್ ಎಂಬ ಟೂಲ್ ಈಗಲೂ ಮೂರು ಖಾತೆಗಳವರೆಗೆ ಉಚಿತ ಕೊಡುತ್ತದೆ, ಒಬ್ಬ ಅಂಗಡಿಯವನಿಗೆ ಅದು ಧಾರಾಳ ಸಾಕು. ಬರೀ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇಟ್ಟುಕೊಂಡವರಿಗೆ ಅವೆರಡರ ಒಡೆಯ ಮೆಟಾದ ಬಿಸಿನೆಸ್ ಸೂಟ್ ಇದೆ, ಬಿಡಿಗಾಸು ಕೊಡಬೇಕಿಲ್ಲ. ಪಕ್ಕದ ಚೆನ್ನೈನ ಜೋಹೋ ಕಂಪನಿಯವರದ್ದೂ ಒಂದಿದೆ. ಹೆಸರುಗಳು ಇಷ್ಟು ಸಾಕು. ಎಲ್ಲವೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ.

ನಾನಂತೂ ಹೊಸ ಟೂಲ್ ನೋಡುವಾಗ ಮೊದಲು ಹುಡುಕುವುದು ಒಂದೇ ಗುಂಡಿಯನ್ನು, ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಗುಂಡಿ. ಅದನ್ನು ನಾನು ಕಲಿತದ್ದು 2021ರ ಅಕ್ಟೋಬರ್ 29ರಂದು.

ಅಂದು ಶುಕ್ರವಾರ. ಮುಂದಿನ ವಾರವೇ ದೀಪಾವಳಿ. ಸೀರೆ ಅಂಗಡಿಯ ಹತ್ತು ದಿನಗಳ ಪೋಸ್ಟ್‌ಗಳನ್ನು ಹಿಂದಿನ ಭಾನುವಾರವೇ ಜೋಡಿಸಿಟ್ಟು ನಾನು ನಿಶ್ಚಿಂತನಾಗಿದ್ದೆ. ಮಧ್ಯಾಹ್ನ ಪುನೀತ್ ರಾಜ್‌ಕುಮಾರ್ ಹೋದರು ಎಂಬ ಸುದ್ದಿ ಬಂತು. ನಾನು ರಸ್ತೆಯಲ್ಲಿದ್ದೆ. ಒಂದು ಮೊಬೈಲ್ ಅಂಗಡಿಯ ಟಿವಿ ಮುಂದೆ ನಲವತ್ತು ಜನ ನಿಂತಿದ್ದರು, ಒಬ್ಬರಿಗೂ ಮಾತಿಲ್ಲ. ಎದುರು ಸಾಲಿನಲ್ಲಿ ಒಂದೊಂದೇ ಷಟರು ಇಳಿಯುತ್ತಿತ್ತು. ನಾನೂ ಅವರ ಜೊತೆ ನಿಂತುಬಿಟ್ಟೆ. ಟೂಲ್ ಎನ್ನುವುದೊಂದಿದೆ, ಅದು ನನ್ನ ಪರವಾಗಿ ಎಲ್ಲೋ ಮಾತಾಡುತ್ತಿದೆ ಎಂಬುದು ತಲೆಯಲ್ಲೇ ಇರಲಿಲ್ಲ. ಸರಿಯಾಗಿ ನಾಲ್ಕು ಗಂಟೆಗೆ ಸೀರೆ ಅಂಗಡಿಯ ಎಲ್ಲ ಪುಟಗಳಲ್ಲಿ ಕೆಂಪು ಅಕ್ಷರದಲ್ಲಿ "ಸಂಭ್ರಮಿಸಲು ಕಾರಣ ಬೇಕೇ? ಇಂದೇ ಬನ್ನಿ!" ಎಂದು ಹೋಯಿತು.

ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಬೈದವರದ್ದು ತಪ್ಪೂ ಅಲ್ಲ. ಅಂಗಡಿಯ ಯಜಮಾನರಿಗೆ ಫೋನು ಮಾಡಿದಾಗ ಅವರು ಷಟರು ಎಳೆದು, ಮೆಟ್ಟಿಲ ಮೇಲೆ ಅಪ್ಪು ಫೋಟೋ ಇಟ್ಟು ಊದುಬತ್ತಿ ಹಚ್ಚುತ್ತಿದ್ದರಂತೆ. ತಮ್ಮದೇ ಅಂಗಡಿಯ ಹೆಸರಿನಲ್ಲಿ ಏನು ಹೊರಬಿದ್ದಿದೆ ಎಂದು ಅವರಿಗೆ ತಿಳಿದದ್ದು ನನ್ನಿಂದಲೇ. ನಾನು ಟೂಲ್‌ನಲ್ಲಿ ಅಳಿಸಿದೆ. ಅದರ ಪಟ್ಟಿಯಿಂದ ಹೋಯಿತೇ ಹೊರತು ಒಮ್ಮೆ ಪ್ರಕಟವಾದದ್ದು ಫೇಸ್‌ಬುಕ್‌ನಲ್ಲಿ ಹಾಗೆಯೇ ಇತ್ತು. ಕಳಿಸಲು ಒಂದು ಗುಂಡಿ, ಹಿಂದಕ್ಕೆ ತರಲು ಒಂದೊಂದೇ ಮನೆಗೆ ಹೋಗಿ ಬಾಗಿಲು ಬಡಿಯಬೇಕು. ನಡುರಸ್ತೆಯಲ್ಲಿ ನಿಂತು, ಮೊಬೈಲಿನಲ್ಲಿ ಒಂದೊಂದನ್ನೇ ಅಳಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಕ್ಷಮೆಯ ಮಾತನ್ನು ನಾನು ಬರೆಯಲು ಹೊರಟರೆ ಯಜಮಾನರು ಬೇಡ ಎಂದರು. ತಾವೇ ಹೇಳಿ ಬರೆಸಿದರು: "ತಪ್ಪಾಯಿತು. ಅದು ಮೊದಲೇ ಹಾಕಿಟ್ಟದ್ದು. ನಾವೂ ಅಳುತ್ತಿದ್ದೇವೆ." ನಾನಾಗಿದ್ದರೆ ಹತ್ತು ಸಾಲು ಬರೆಯುತ್ತಿದ್ದೆ.

ಬೀಗದ ಕೈ ಯಾರ ಬಳಿ ಇದೆ ಎಂಬುದು ಇನ್ನೊಂದು ತಲೆನೋವು. ಒಂದು ಹೋಟೆಲಿನ ಪುಟವನ್ನು ತೆರೆದವನು ಅಲ್ಲಿನ ಕ್ಯಾಶಿಯರ್ ಹುಡುಗ. ಅವನು ಬೆಂಗಳೂರು ಸೇರಿ ಮೂರು ವರ್ಷವಾಯಿತು. ಪ್ರತಿ ಬಾರಿ ಒಳಹೋಗಬೇಕಾದಾಗಲೂ ಒಟಿಪಿ ಅವನ ಮೊಬೈಲಿಗೆ ಹೋಗುತ್ತಿತ್ತು. ಮಾಲೀಕರು ಗಲ್ಲಾದಲ್ಲಿ ಕುಳಿತು "ಏನಪ್ಪಾ, ಊಟ ಆಯಿತೇ? ನಂಬರ್ ಬಂತೇ?" ಎಂದು ಕೇಳುವುದನ್ನು ನಾನೇ ನೋಡಿದ್ದೇನೆ. ಒಳ್ಳೆಯ ಹುಡುಗ, ಕೊಡುತ್ತಿದ್ದ. ಜಗಳವಾಡಿ ಹೋಗಿದ್ದರೆ? ಪುಟದ ಅಡ್ಮಿನ್ ಆಗಿ ಮಾಲೀಕರ ಮನೆಯವರೊಬ್ಬರು ಇರಲೇಬೇಕು. ಟೂಲ್ ಆಮೇಲೆ. ಪಾಸ್‌ವರ್ಡ್ ಬದಲಿಸಿದರೆ ಟೂಲ್‌ನ ನಂಟೂ ಕಡಿಯುತ್ತದೆ, ಜೋಡಿಸಿಟ್ಟ ಪೋಸ್ಟ್‌ಗಳು ಸದ್ದಿಲ್ಲದೆ ಅಲ್ಲೇ ಕೊಳೆಯುತ್ತವೆ ಎಂಬುದನ್ನೂ ಅವರಿಗೆ ಹೇಳಿಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಟೂಲ್‌ಗಳಿಗೆ ಬಾಯಿ ಇದ್ದಷ್ಟು ಕಿವಿ ಇಲ್ಲ. ಅದರಲ್ಲೂ ಕನ್ನಡಕ್ಕೆ ಇಲ್ಲವೇ ಇಲ್ಲ.

ದುಬಾರಿ ಯೋಜನೆಗಳಲ್ಲಿ ಜನ ನಿಮ್ಮ ಬಗ್ಗೆ ಎಲ್ಲೆಲ್ಲಿ ಏನೇನು ಮಾತಾಡುತ್ತಿದ್ದಾರೆ ಎಂದು ಹುಡುಕಿ, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಕೊಡುವ ಸೌಲಭ್ಯವಿದೆ. ಹೋಟೆಲಿನವರಿಗಾಗಿ ಒಂದು ವರ್ಷ ಅದಕ್ಕೆ ದುಡ್ಡು ಕಟ್ಟಿದೆ. "ಸಾಂಬಾರು" ಎಂಬ ಪದವನ್ನು ಹುಡುಕಲು ಕೊಟ್ಟೆ. ಆದರೆ ನಮ್ಮವರು ಸಾಂಬಾರು ಎಂದಷ್ಟೇ ಎಲ್ಲಿ ಬರೆಯುತ್ತಾರೆ? ಸಾಂಬಾರಿಗೆ ಉಪ್ಪಿಲ್ಲ, ಸಾಂಬಾರಿನಲ್ಲಿ ಬೇಳೆ ಇಲ್ಲ, ಸಾಂಬಾರೋ ಸಾರೋ ತಿಳಿಯಲಿಲ್ಲ. ಕೊನೆಯ "ರು" ಹೋಗಿ "ರಿ" ಬಂದೊಡನೆ ಯಂತ್ರಕ್ಕೆ ಅದು ಬೇರೆಯೇ ಪದ. ನಮ್ಮ ವಿಭಕ್ತಿ ಪ್ರತ್ಯಯಗಳನ್ನೆಲ್ಲ ಸೇರಿಸಿ ನಾನು ಕೈಯಾರೆ ಇಪ್ಪತ್ತೆರಡು ರೂಪಗಳ ಪಟ್ಟಿ ಮಾಡಿದೆ. ಹೈಸ್ಕೂಲಿನ ಕನ್ನಡ ಮೇಷ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಅದಾದ ಮೇಲೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರು ಕೈಗೆ ಸಿಗಲಿಲ್ಲ. ಹೋಟೆಲಿನ ಹೆಸರನ್ನಂತೂ ಯಾರೂ ಬರೆಯುವುದಿಲ್ಲ. "ಬಸ್ ಸ್ಟ್ಯಾಂಡ್ ಎದುರಿನದು" ಎಂದರೆ ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಎಣಿಕೆಯಲ್ಲೂ ಅಷ್ಟೇ. ಎಕ್ಸ್‌ನಲ್ಲಿ ಉಚಿತವಾಗಿ ಬರೆಯುವವರಿಗೆ 280ರ ಮಿತಿ. "ಸ್ತ್ರೀ" ನಮಗೆ ಒಂದು ಅಕ್ಷರ, ಅದರ ಲೆಕ್ಕದಲ್ಲಿ ಆರು. ಮೂರು ವ್ಯಂಜನ, ನಡುವೆ ಅವನ್ನು ಒತ್ತಾಗಿ ಬೆಸೆಯುವ ಎರಡು ಚಿಹ್ನೆ, ಕೊನೆಗೊಂದು ದೀರ್ಘ ಸ್ವರದ ಗುರುತು. ಒತ್ತಕ್ಷರ ಹೆಚ್ಚಿದ್ದಷ್ಟೂ ಜಾಗ ಕಡಿಮೆ. ಡಿಟಿಪಿ ಅಂಗಡಿಯಿಂದ ಹಳೆಯ "ನುಡಿ" ತಂತ್ರಾಂಶದ ಅಕ್ಷರದಲ್ಲಿ ಬಂದ ಒಕ್ಕಣೆಯನ್ನು ಟೂಲ್‌ಗೆ ಅಂಟಿಸಿ ನೋಡಿ, ಯಾವ ದೇಶದ ಭಾಷೆ ಎಂದು ದೇವರೇ ಹೇಳಬೇಕು.

ಆ ವರ್ಷದ ಒಂದು ಕಾಮೆಂಟ್ ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. "ನಿಮ್ಮ ಸಾಂಬಾರು ನೋಡಿ ಹರಿಹರದ ತುಂಗಭದ್ರೆ ನೆನಪಾದಳು. ಕೈಮುಗಿದು ಬಂದೆ." ಟೂಲ್ ಅದಕ್ಕೆ ಅಚ್ಚ ಹಸಿರು ಬಣ್ಣ ಕೊಟ್ಟಿತ್ತು. ಕೈಮುಗಿಯುವ ಎಮೋಜಿ ಬೇರೆ ಇತ್ತಲ್ಲ. ತಿಂಗಳ ವರದಿಯಲ್ಲಿ "ಮೆಚ್ಚುಗೆಗಳು" ಎಂಬ ಶೀರ್ಷಿಕೆಯ ಕೆಳಗೆ ಅದೇ ಮೊದಲು. ನಾನೂ ನೋಡದೆ ಮಾಲೀಕರಿಗೆ ಕಳಿಸಿದ್ದೆ. ಅವರು ಖುಷಿಯಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮಾತಾಡುತ್ತಿದ್ದರು.

ಇಂಥ ಕಿವಿಯನ್ನೇ ನಂಬಿ 2018ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಪ್ರತಿ ಜಿಲ್ಲೆಯ ಜನ ಸಾಮಾಜಿಕ ಜಾಲತಾಣಗಳಲ್ಲಿ ಏನು ಮಾತಾಡುತ್ತಾರೆಂದು ನೋಡುವ ಕೇಂದ್ರವೊಂದನ್ನು ಕಟ್ಟಲು ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕಣ್ಗಾವಲಿನ ಪ್ರಶ್ನೆ ಎದ್ದಿತು, ಆಗಸ್ಟ್‌ನಲ್ಲಿ ಸರ್ಕಾರ ಯೋಜನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಕಣ್ಗಾವಲು ತಪ್ಪು ಎಂಬುದು ನಿಜ. ಆದರೆ ನನಗೆ ಅದಕ್ಕಿಂತ ಭಯವಾದದ್ದು ಬೇರೆ. ನಮ್ಮ ಜಿಲ್ಲೆಯವರ ಕುಹಕವನ್ನು ಆ ಯಂತ್ರ ಹೇಗೆ ಓದಿಕೊಳ್ಳುತ್ತಿತ್ತೋ? ತುಂಗಭದ್ರೆಯ ಭಕ್ತರೆಂದು ನಮ್ಮನ್ನೆಲ್ಲ ಪಟ್ಟಿ ಮಾಡುತ್ತಿತ್ತೇನೋ.

ಸಂಶೋಧಕರು, ಪತ್ರಕರ್ತರು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಒಳ್ಳೆಯ ಟೂಲ್ ಒಂದಿತ್ತು, ಯಾವ ಸುದ್ದಿ ಎಷ್ಟು ವೇಗವಾಗಿ ಹರಡುತ್ತಿದೆ ಎಂದು ಯಾವ ಪುಟದ್ದಾದರೂ ಹೇಳುತ್ತಿತ್ತು. ಫೇಸ್‌ಬುಕ್ 2016ರಲ್ಲಿ ಅದನ್ನು ಕೊಂಡು 2024ರ ಆಗಸ್ಟ್ 14ರಂದು ಮುಚ್ಚಿತು. ಕೇಳಿಸಿಕೊಳ್ಳುವ ಬಾಗಿಲುಗಳು ಮುಚ್ಚುತ್ತಿವೆ, ಹೇಳುವ ಬಾಗಿಲುಗಳಲ್ಲಿ ಹೆಚ್ಚಿನವು ಇನ್ನೂ ತೆರೆದೇ ಇವೆ. ಊರಿನ ನಿಜವಾದ ಮಾತುಕತೆ ನಡೆಯುವ ವಾಟ್ಸ್‌ಆ್ಯಪ್ ಗುಂಪುಗಳ ಒಳಗೆ ಯಾವ ಟೂಲ್‌ಗೂ ಪ್ರವೇಶವಿಲ್ಲ. ಇರಕೂಡದು ಕೂಡ.

ಹಾಗಾಗಿ ಆ ದುಬಾರಿ ಕಿವಿಯನ್ನು ನಿಲ್ಲಿಸಿದೆ. ಸಮಯಕ್ಕೆ ಸರಿಯಾಗಿ ಪೋಸ್ಟ್ ಹಾಕುವ ಅಗ್ಗದ ಯೋಜನೆ ಮಾತ್ರ ಉಳಿಸಿಕೊಂಡೆ. ಮಿಕ್ಕ ಹಣಕ್ಕೆ ಇನ್ನಷ್ಟು ಸೇರಿಸಿ ಬಿ.ಎ. ಓದುವ ಹುಡುಗಿಯೊಬ್ಬಳನ್ನು ಇಟ್ಟುಕೊಂಡಿದ್ದೇನೆ. ಸಂಜೆ ಏಳರಿಂದ ಒಂಬತ್ತು. ಹನ್ನೊಂದು ಖಾತೆಗಳ ಪ್ರತಿಯೊಂದು ಕಾಮೆಂಟ್ ಓದುತ್ತಾಳೆ, ಉದ್ದ ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಹರಿಹರದವಳೇ. ಸೇರಿದ ಮೊದಲ ವಾರ ಹಳೆಯ ವರದಿ ತಿರುವುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು.

"ಸಾರ್, ಇದನ್ನು ಮೆಚ್ಚುಗೆ ಎಂದು ಹಾಕಿದ್ದೀರಲ್ಲ? ಸಾಂಬಾರು ಬರೀ ನೀರು ಎಂದು ಬೈದಿದ್ದಾರೆ ಅವರು."

ಮಾಲೀಕರಿಗೆ ಹೇಳಿದೆ. ಅವರು ಎರಡು ದಿನ ಯಾರಿಗೂ ಹೇಳದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಬೆಳಗಿನ ಹತ್ತರ ನಂತರ ಗಿರಾಕಿ ಹೆಚ್ಚಿದೊಡನೆ ಪಾತ್ರೆಗೆ ಎರಡು ಕೊಡ ಬಿಸಿನೀರು ಬೀಳುತ್ತಿತ್ತಂತೆ. ಈಗ ಬೀಳುವುದಿಲ್ಲ. ಚೌಕಟ್ಟಿನ ಮಾತೂ ನಿಂತಿದೆ. ಅಡುಗೆ ಭಟ್ಟರು ಮಾತ್ರ ನಾನು ಇಡ್ಲಿಗೆ ಕುಳಿತರೆ ಮುಖ ತಿರುಗಿಸುತ್ತಾರೆ, ಚಟ್ನಿಯನ್ನಷ್ಟೇ ಕಳಿಸುತ್ತಾರೆ.